ಕೈ ಇಟ್ಟು ನೋಡದ ಒಲೆಗಳು

ಮಂಗಳವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಸ್ಥಳ: ಹಡಗಲಿ ತಾಲೂಕಿನ ಮಾಗಳ ದಾಟಿದ ಮೇಲೆ ಹೊಳೆದಂಡೆಗೆ ಸಿಗುವ ಒಂದು ಸಣ್ಣ ಊರು, ಹಾಲಿನ ಡೇರಿ ಮುಂದಿನ ಕಟ್ಟೆ. ಹಾಜರಿದ್ದವರು: ನಾನು, ಆ ಊರಿನಲ್ಲಿ ಒಲೆ ಕಟ್ಟುವ ಹುಲಿಗೆಮ್ಮ, ಆಕೆಯ ಅತ್ತೆ ಗೌರಮ್ಮ, ಕೈಯಲ್ಲಿ ಕೋಲು. ಹವಾಮಾನ: ತಂಪು. ಹೊಳೆಯ ಕಡೆಯಿಂದ ಸಣ್ಣ ಗಾಳಿ.

ಯಾವ ಭೇಟಿಯ ಬಗ್ಗೆ ಬರೆದರೂ ಹೀಗೇ ಶುರು ಮಾಡುವುದು ನನ್ನ ಅಭ್ಯಾಸ. ದಿನ, ಹೊತ್ತು, ಯಾರಿದ್ದರು. ಆಮೇಲೆ ಮಿಕ್ಕಿದ್ದು. ಅಂದು ನನ್ನ ನಿವೃತ್ತಿಗೆ ಒಂದು ತಿಂಗಳು ಕೂಡ ಉಳಿದಿರಲಿಲ್ಲ. ಆ ಊರಿಗೆ ಅದು ನನ್ನ ಎರಡನೇ ಭೇಟಿ. ಮೊದಲ ಸಲ ಬಂದಾಗ ಅಲ್ಲಿನ ಒಲೆಗಳಲ್ಲಿ ಬಹುಪಾಲನ್ನು ‘ಬಳಕೆಯಲ್ಲಿ ಇಲ್ಲ’ ಎಂದು ಬರೆದು ಹೋಗಿದ್ದೆ. ಹಾಗೆ ಬರೆದದ್ದು ಸರಿಯೋ ತಪ್ಪೋ ಎಂದು ನೋಡಲು ಮತ್ತೆ ಬಂದಿದ್ದೆ.

ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು ಆಗಾಗ ಮನೆಗೆ ಬಂದು, ಏನು ಓದಬೇಕು ಸರ್ ಎಂದು ಕೇಳುತ್ತಾರೆ. ಓದುವುದನ್ನು ಬೇರೆಯವರು ಹೇಳಿಯಾರು. ಕೆಲಸ ಹೇಗಿತ್ತು ಎಂದು ನಾನು ಹೇಳುತ್ತೇನೆ. ಆ ಮಂಗಳವಾರಕ್ಕೆ ಕೊನೆಗೆ ಬರುತ್ತೇನೆ.

ನಮ್ಮದು ಸಣ್ಣ ಸಂಸ್ಥೆ. ದೊಡ್ಡ ಕಂಪನಿಗಳು ‘ಈ ವರ್ಷ ನಾವು ಇಷ್ಟು ಹೊಗೆ ಬಿಟ್ಟೆವು, ಇಷ್ಟು ಕಡಿಮೆ ಮಾಡಿದೆವು’ ಎಂದು ವರದಿ ಬರೆಯುತ್ತವಲ್ಲ, ಅದು ನಿಜವೇ ಎಂದು ಹೋಗಿ ನೋಡಿ ಬರುವುದು ನಮ್ಮ ಕೆಲಸ. ನನ್ನ ಪಾಲಿಗೆ ಬಂದದ್ದು ಒಂದು ಭಾರಿ ತಂತ್ರಜ್ಞಾನ ಕಂಪನಿ. ಹೆಸರು ಬೇಡ. ಅದಕ್ಕೆ ಮೊದಲು ನಾನು ವಿದ್ಯುತ್ ಮೀಟರ್ ಪರೀಕ್ಷೆ ಮಾಡುವ ವಿಭಾಗದಲ್ಲಿದ್ದೆ. ಸಂದರ್ಶನ ಮಾಡಿದ ವತ್ಸಲಾ ಮೇಡಂ ಕೇಳಿದ್ದು ಒಂದೇ ಪ್ರಶ್ನೆ: “ಮೀಟರ್ ಒಂದು ಹೇಳಿ, ಮನುಷ್ಯ ಇನ್ನೊಂದು ಹೇಳಿದರೆ ಏನು ಮಾಡುತ್ತೀರಿ?” “ಇನ್ನೊಮ್ಮೆ ಎರಡನ್ನೂ ಕೇಳುತ್ತೇನೆ” ಎಂದೆ. ಸೋಮವಾರದಿಂದ ಬನ್ನಿ ಎಂದರು. ಮುಂದೆ ಕೊನೆಯವರೆಗೂ ಅವರೇ ನನ್ನ ಮೇಲಧಿಕಾರಿ.

ಅವರ ನಿಯಮ ಮೂರು. ನೋಡದ್ದನ್ನು ಬರೆಯಬಾರದು. ಬರೆದದ್ದನ್ನು ಅಳಿಸಬಾರದು, ತಪ್ಪಾಗಿದ್ದರೆ ಅದರ ಮೇಲೆ ಒಂದೇ ಗೆರೆ ಎಳೆದು, ಹಳೆಯದು ಓದಲು ಬರುವಂತೆ ಬಿಟ್ಟು, ಪಕ್ಕದಲ್ಲಿ ಸಹಿ ಮಾಡಬೇಕು. ಪರಿಶೀಲನೆಗೆ ಹೋದ ಕಡೆ ಕೆಲಸ ಮುಗಿಯುವವರೆಗೆ ನೀರು ಬಿಟ್ಟು ಬೇರೇನೂ ಮುಟ್ಟಬಾರದು, ಚಹಾ ಕೂಡ.

ಹೊಗೆಯಲ್ಲಿ ಮೂರು ಬಗೆ. ಕಂಪನಿ ತಾನೇ ಸುಟ್ಟದ್ದು, ಅಂದರೆ ಡೀಸೆಲ್ ಮತ್ತು ತಂಪು ಯಂತ್ರಗಳಿಂದ ಸೋರುವ ಅನಿಲ. ಕೊಂಡುಕೊಂಡ ಕರೆಂಟಿಗಾಗಿ ದೂರದ ಸ್ಥಾವರದಲ್ಲಿ ಉರಿದ ಕಲ್ಲಿದ್ದಲು. ಮೂರನೆಯದು, ಅವರಿಗೋಸ್ಕರ ಬೇರೆಯವರು ಬಿಟ್ಟ ಹೊಗೆ: ಯಂತ್ರ ತಯಾರಿಸಿದವರು, ಸಾಗಿಸಿದವರು, ನೌಕರರ ಬಸ್ಸು. ಮೊದಲನೆಯದನ್ನು ಮೂಸಿ ಹಿಡಿಯಬಹುದು, ಎರಡನೆಯದನ್ನು ಮೀಟರಿನಲ್ಲಿ. ಮೂರನೆಯದಕ್ಕೆ ಬಹಳ ನಡೆಯಬೇಕು.

ನನ್ನ ಮೊದಲ ಕೆಲಸ ಬೆಂಗಳೂರಿನಲ್ಲಿ, ಕಂಪನಿಯ ಯಂತ್ರಗಳಿದ್ದ ಕಟ್ಟಡ. ಸಾಲು ಸಾಲು ಕಪಾಟು, ಒಂದೊಂದರಲ್ಲೂ ಮಿಣುಕುವ ಹಸಿರು ದೀಪ, ಹಲ್ಲು ಕಟಕಟ ಎನ್ನುವ ಚಳಿ. ಯಂತ್ರಗಳಿಗೆ ಸೆಕೆ ಆಗಬಾರದಂತೆ. ನಮ್ಮ ಕಡೆ ಬೇಸಿಗೆಯಲ್ಲಿ ಬಾಣಂತಿಗೂ ಸಿಗದ ಆರೈಕೆ ಎಂದುಕೊಂಡೆ. ಹಿಂಭಾಗದಲ್ಲಿ ಜನರೇಟರ್ ಮನೆ. ಆಪರೇಟರು ದಾಖಲೆ ಪುಸ್ತಕ ಕೊಟ್ಟ. ಪುಟದ ತುಂಬ ‘ಓಡಿಲ್ಲ, ಓಡಿಲ್ಲ, ಓಡಿಲ್ಲ.’ ಟ್ಯಾಂಕಿಗೆ ಅಳತೆ ಕೋಲು ಇಳಿಸಿದೆ. ಡೀಸೆಲ್ ಇಳಿದಿತ್ತು.

“ಜನರೇಟರ್ ಓಡಿತ್ತೇ?”

“ಇಲ್ಲ ಸರ್.”

“ಹಾಗಾದರೆ ಡೀಸೆಲ್ ಯಾರು ಕುಡಿದರು?”

“ನಾನಂತೂ ಕುಡದಿಲ್ರೀ!”

ಆ ‘ರೀ’ ಕೇಳಿ ನನ್ನ ಕಿವಿ ನೆಟ್ಟಗಾಯಿತು. “ಯಾವೂರು?”

“ಕೊಟ್ಟೂರ್ರಿ.”

“ಹೆಸರು ಕೊಟ್ರೇಶ.”

“ಹೌದ್ರಿ! ನಿಮಗ ಹೆಂಗ ಗೊತ್ತಾತು?”

ಕೊಟ್ಟೂರಿನ ಬಸ್ಸಿನಲ್ಲಿ ಕೊಟ್ರೇಶಾ ಎಂದು ಕೂಗಿದರೆ ಅರ್ಧ ಬಸ್ಸು ತಿರುಗಿ ನೋಡುತ್ತದೆ. ನಾನು ಹಗರಿಬೊಮ್ಮನಹಳ್ಳಿಯವನು ಎಂದೆ. ಕೊಟ್ರೇಶ ಸ್ಟೂಲು ಎಳೆದು ಕೂತ. “ಖರೇ ಹೇಳ್ತೀನ್ರಿ ಸಾಹೇಬ್ರ. ಪ್ರತಿ ಶನಿವಾರ ಹತ್ತು ನಿಮಿಷ ಚಾಲೂ ಮಾಡಿ ಬಂದ್ ಮಾಡ್ತೀವಿ. ಇಲ್ಲಂದ್ರ ಜಾಮ್ ಆಗ್ತೈತಿ. ಅದು ಓಡ್ಸಿದ್ದಲ್ರಿ. ಕೆಮ್ಸಿದ್ದು.”

ಕೆಮ್ಮಿದರೂ ಹೊಗೆ ಹೊಗೆಯೇ ಎಂದೆ. ಮುಂದಿನ ಸಲ ಹೋದಾಗ ಪುಸ್ತಕದಲ್ಲಿ ಹೊಸ ಅಂಕಣ ಎಳೆದಿದ್ದ, ದುಂಡು ಅಕ್ಷರದಲ್ಲಿ ತಲೆಬರಹ: ‘ಕೆಮ್ಮಿದ್ದು.’ ಒಂದು ಶನಿವಾರವೂ ತಪ್ಪಿರಲಿಲ್ಲ. ವತ್ಸಲಾ ಮೇಡಂ ನಕ್ಕದ್ದನ್ನು ನಾನು ಮೊದಲು ನೋಡಿದ್ದು ಆ ಪುಟ ತೋರಿಸಿದಾಗ. ಆ ಕಟ್ಟಡ ಈಗ ಇನ್ನೂ ದೊಡ್ಡದಾಗಿದೆಯಂತೆ. ನನಗೆ ನೆನಪಿರುವುದು ಆ ಪುಟ.

ಮುಂದೆ ನನ್ನನ್ನು ಹಗರಿಬೊಮ್ಮನಹಳ್ಳಿಗೇ ಹಾಕಿದರು. ಅದಕ್ಕೆ ಕಾರಣವಿತ್ತು. ಕಂಪನಿ ತನ್ನ ಹೊಗೆಗೆ ಎದುರಾಗಿ ತೋರಿಸುತ್ತಿದ್ದ ಕೆಲಸಗಳೆಲ್ಲ ನಮ್ಮ ಸುತ್ತಮುತ್ತಲೇ: ಹರಪನಹಳ್ಳಿ ಗುಡ್ಡಗಳಲ್ಲಿ ಗಾಳಿಯಂತ್ರ, ಕೂಡ್ಲಿಗಿ ಕಡೆ ಗಿಡ ನೆಡುವುದು, ಹಡಗಲಿ ಕಡೆ ಒಲೆ. ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಕೋಣೆ ಹಿಡಿದೆ. ಟೇಬಲ್ಲು, ಎರಡು ಕುರ್ಚಿ, ಗೋಡೆಯ ಮೇಲೆ ಮನೆಯಿಂದ ತಂದ ಬುದ್ಧನ ಪಟ. ಏಳೂವರೆ ಬಸ್ಸಿಗೆ ಹೊರಡುವುದು, ಹತ್ತೂವರೆಗೆ ಊರು ಮುಟ್ಟುವುದು, ಒಂದು ಗಂಟೆಗೆ ಮುಗಿಸಿ ತಿರುಗುವುದು. ಹನ್ನೆರಡು ವರ್ಷ ಇದೇ ಕ್ರಮ. ಅದರ ಬಗ್ಗೆ ನನಗೆ ಹೆಮ್ಮೆ ಇತ್ತು. ಮುಂದೆ ಅದೇ ನನಗೆ ಪೆಟ್ಟು ಕೊಟ್ಟಿತು.

ಕೂಡ್ಲಿಗಿಯಲ್ಲಿ ಗಿಡ ಎಣಿಸುವಾಗ ಒಂದು ಪ್ರಸಂಗ. ನೆಟ್ಟದ್ದನ್ನು ಎಣಿಸುವುದಲ್ಲ, ಬದುಕಿದ್ದನ್ನು ಎಣಿಸುವುದು. ಸಾಲು ಹಿಡಿದು ನಡೆಯುತ್ತಾ ಚಿಗುರು ಮುರಿದು ನೋಡುತ್ತಿದ್ದೆ. ಕೆಲಸ ತಡವಾಗಿತ್ತು, ಬಿಸಿಲು ಇಳಿದಿತ್ತು. ಕಾವಲುಗಾರ ಸಣ್ಣೆಪ್ಪ ನಿಂತುಬಿಟ್ಟ.

“ಸಾಹೇಬ್ರ, ಸಾಕು. ಅಕಾ ಆ ಬಂಡಿಗಲ್ಲಿನ ಕೆಳಗ ಅದರ ಮನಿ ಐತಿ.”

“ಯಾರದು?”

“ಕರಡೀದು.”

“ಇನ್ನು ಎರಡೇ ಸಾಲು, ಸಣ್ಣೆಪ್ಪ.”

“ನೀವು ಎಣಿಸ್ರಿ. ನಾ ಮರ ಹತ್ತಿ ನಿಮ್ಮನ್ನ ಎಣಿಸ್ತೀನಿ.”

ಇಬ್ಬರೂ ತಿರುಗಿ ಬಂದೆವು. ಷರಾದಲ್ಲಿ ‘ಕೊನೆಯ ಎರಡು ಸಾಲು ಎಣಿಸಿಲ್ಲ, ಕರಡಿ ಬರುವ ಹೊತ್ತಾಗಿತ್ತು’ ಎಂದು ಬರೆದೆ. ಬೆಂಗಳೂರಿನ ಕಚೇರಿಯಿಂದ ಕರಡಿಗೆ ಆಧಾರ ಕಳಿಸಿ ಎಂದು ಪತ್ರ ಬಂತು. ಮರುದಿನ ಬೆಳಿಗ್ಗೆ ಹೋಗಿ ಕರಡಿ ಹೆಜ್ಜೆಯ ಪಕ್ಕ ನನ್ನ ಚಪ್ಪಲಿ ಇಟ್ಟು ಫೋಟೋ ತೆಗೆದು ಕಳಿಸಿದೆ. ಮತ್ತೆ ಯಾರೂ ಏನೂ ಕೇಳಲಿಲ್ಲ. ಆ ಎರಡು ಸಾಲನ್ನೂ ಎಣಿಸಿಯೇ ಬಂದೆ. ಅರ್ಧ ಒಣಗಿದ್ದವು.

ಹರಪನಹಳ್ಳಿಯ ಗಾಳಿಯಂತ್ರದ ಬುಡದಲ್ಲಿ ಕಲಿತದ್ದು ಬೇರೆ. ಮಧ್ಯಾಹ್ನ ಕಂಬದ ನೆರಳು ಬೀಳುವ ಕಡೆ ಕುರಿಗಳು ಒತ್ತಾಗಿ ಮಲಗುತ್ತವೆ, ನೆರಳು ಸರಿದಂತೆ ಮಂದೆಯೂ ಸರಿಯುತ್ತದೆ. ಕುರಿ ಕಾಯುವ ಬೀರಪ್ಪಜ್ಜ ಅಲ್ಲೇ ಕೂತಿದ್ದ. ನಾನು ಮೀಟರ್ ಪಟ್ಟಿ ನೋಡಿ ಮುಖ ಗಂಟಿಕ್ಕಿದ್ದೆ. ನಾನು ಪರಿಶೀಲಿಸುತ್ತಿದ್ದ ಕಂಪನಿಗೆ ಕೊಟ್ಟೆವೆಂದು ತೋರಿಸಿದ್ದ ಒಂದು ತಿಂಗಳ ಕರೆಂಟನ್ನೇ ಯಂತ್ರದ ಮಾಲೀಕರು ಇನ್ನೊಂದು ಕಂಪನಿಯ ಹೆಸರಿಗೂ ತೋರಿಸಿದ್ದರು.

“ಏನಾತು ಸಾಹೇಬ್ರೆ?” ಎಂದ ಅಜ್ಜ. ಹೇಳಿದೆ. ಅವನಿಗೆ ಅರ್ಥವಾಗಲಿಕ್ಕಿಲ್ಲ ಎಂದುಕೊಂಡೇ ಹೇಳಿದೆ.

ಆತ ಪಕ್ಕದ ಕುರಿಯ ಕಿವಿ ಹಿಡಿದು ತೋರಿಸಿದ. “ನೋಡ್ರಿ, ಇದು ನಮ್ಮ ಕಿವಿಗುರುತು. ಈ ಕಿವ್ಯಾಗೆ ನಮ್ದು, ಆ ಕಿವ್ಯಾಗೆ ಇನ್ನೊಬ್ರದು ಇದ್ರೆ ಅದು ಕುರಿ ಅಲ್ಲ, ಜಗಳ.”

ಒಂದೇ ಹಸಿರು ಯೂನಿಟ್ಟನ್ನು ಇಬ್ಬರು ತಮ್ಮದೆನ್ನುವ ತಪ್ಪಿಗೆ ನಮ್ಮ ಕೈಪಿಡಿಯಲ್ಲಿ ಮೂರು ಪುಟದ ವಿವರಣೆ ಇದೆ. ತರಬೇತಿಗೆ ಬಂದವರಿಗೆ ನಾನು ಬೀರಪ್ಪಜ್ಜನ ಮಾತು ಹೇಳಿ ಮುಂದೆ ಹೋಗುತ್ತಿದ್ದೆ.

ಪದ್ಧತಿ ಬದಲಾಗುತ್ತಾ ಬಂತು. ಮೊದಲು ಉದ್ದನೆಯ ಹಾಳೆ, ಕೆಳಗೆ ನೀಲಿ ಕಾಗದ ಇಟ್ಟು ಎರಡು ಪ್ರತಿ. ನಂತರ ಫೋನು. ಅದರಲ್ಲಿ ಆಪ್ ತೆರೆದರೆ ಜಾಗ ತಾನೇ ಗುರುತಾಗುತ್ತದೆ, ಹೊತ್ತು ತಾನೇ ಬೀಳುತ್ತದೆ, ಒಂದು ಫೋಟೋ ತೆಗೆದು ಒತ್ತಿದರೆ ಬೆಂಗಳೂರಿಗೆ ಹೋಯಿತು. ಈಗ ಒಲೆಯ ಪಕ್ಕ ಬಿಸಿ ಅಳೆಯುವ ಸಣ್ಣ ಡಬ್ಬಿಯನ್ನೇ ಅಂಟಿಸುತ್ತಾರಂತೆ. ಒಳ್ಳೆಯದೇ. ಆದರೆ ನನಗೆ ಆ ನೀಲಿ ಹಾಳೆಯ ವಾಸನೆ ಇಷ್ಟ. ಆಪ್ ಬಂದ ಮೇಲೂ ಒಂದು ಪ್ರತಿ ಹಾಳೆಯಲ್ಲಿ ಬರೆದಿಡುತ್ತಿದ್ದೆ.

ಈಗ ಒಲೆಯ ವಿಷಯ.

ಬೆಂಗಳೂರಿನಲ್ಲಿ ತಡೆಯಲಾಗದ ಹೊಗೆಗೆ ಬದಲಾಗಿ ಬೇರೆ ಕಡೆ ಹೊಗೆ ಕಡಿಮೆ ಮಾಡುತ್ತೇವೆ ಎಂದು ಕಂಪನಿ ಹೇಳಿತ್ತು. ಹಾಗಾಗಿ ಹಡಗಲಿ ತಾಲೂಕಿನ ಕೆಲವು ಊರುಗಳಲ್ಲಿ ಕಟ್ಟಿಗೆ ಕಡಿಮೆ ತಿನ್ನುವ, ಎರಡು ಬಾಯಿಯ, ಹೊಗೆ ಕೊಳವೆ ಇರುವ ಮಣ್ಣಿನ ಒಲೆಗಳನ್ನು ಕಟ್ಟಿಸಿತು. ಯಂತ್ರಗಳ ಸೆಕೆ ಅಲ್ಲಿ, ಅದರ ಪ್ರಾಯಶ್ಚಿತ್ತ ಇಲ್ಲಿನ ಅಡುಗೆಮನೆಯಲ್ಲಿ. ಇದು ನ್ಯಾಯವೇ ಎಂದು ತರುಣರು ಕೇಳುತ್ತಾರೆ. ನನಗೂ ಆ ಪ್ರಶ್ನೆ ಇತ್ತು, ಇಂದಿಗೂ ಇದೆ. ಆದರೆ ಒಲೆ ಉರಿಯುತ್ತಿದೆಯೋ ಇಲ್ಲವೋ ಎಂದು ಯಾರಾದರೂ ನೋಡಬೇಕಲ್ಲ. ಅಷ್ಟು ನನ್ನ ಪಾಲು. ಊರವರು ನನ್ನನ್ನು ಹೊಗಿ ಸಾಹೇಬ್ರು ಎಂದು ಕರೆಯುತ್ತಿದ್ದರು.

ಹೊಳೆದಂಡೆಯ ಆ ಊರಿಗೆ ಮೊದಲ ಸಲ ಹೋದದ್ದು ಎಂದಿನಂತೆ ಹತ್ತೂವರೆಗೆ. ಮೂವತ್ತೆರಡು ಮನೆ. ಹೆಂಗಸರೆಲ್ಲ ಹೊಲಕ್ಕೆ ಹೋಗಿದ್ದರು, ಮನೆಯಲ್ಲಿ ವಯಸ್ಸಾದವರು. ಹೊಸ್ತಿಲಿನಲ್ಲಿ ನಿಂತು ಒಳಗೆ ನೋಡಿದೆ. ಕೆಂಪಗೆ ನುಣ್ಣಗೆ ಒಲೆ, ಒಂದು ಚೂರು ಮಸಿ ಇಲ್ಲ, ಅಂಚಿಗೆ ಬಿಳಿ ರಂಗೋಲಿ ಎಳೆ. ಕಟ್ಟಿದ ದಿನ ಹೇಗಿತ್ತೋ ಹಾಗೇ. ಹಿತ್ತಲಿಗೆ ಸುತ್ತಿ ಹೋಗಿ ನೋಡಿದರೆ ಅಲ್ಲಿ ಮೂರು ಕಲ್ಲಿನ ಹಳೆಯ ಒಲೆ, ಕಪ್ಪಗೆ, ಪಕ್ಕದಲ್ಲಿ ಬಳ್ಳಾರಿ ಜಾಲಿ ಕಟ್ಟಿಗೆ. ಹೊಸದನ್ನು ಚಂದಕ್ಕೆ ಇಟ್ಟುಕೊಂಡು ಹಳೆಯದರಲ್ಲೇ ಬೇಯಿಸುತ್ತಿದ್ದಾರೆ ಎಂದು ತೀರ್ಮಾನ ಮಾಡಿದೆ. ಫೋಟೋ ತೆಗೆದೆ. ಇಪ್ಪತ್ತೊಂಬತ್ತು ಮನೆಗೆ ‘ಬಳಕೆಯಲ್ಲಿ ಇಲ್ಲ.’ ಒಂದು ಗಂಟೆಗೆ ಮುಗಿಯಿತು.

ಕೊನೆಯ ಮನೆಯ ಬಾಗಿಲಲ್ಲಿ ಕೂತಿದ್ದ ಮುದುಕಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ಯಾವ ಪೈಕಿಯಪಾ ನೀ?” ಎಂದು ಕೇಳಿದ್ದಳು. ನಮ್ಮ ಕಡೆ ಇದು ಊರು ಕೇಳುವ ಪ್ರಶ್ನೆಯಲ್ಲ, ಜಾತಿ ಕೇಳುವ ಪ್ರಶ್ನೆ. “ಎಚ್.ಬಿ. ಹಳ್ಳಿ ರೈಲ್ವೆ ಕ್ವಾರ್ಟರ್ಸ್ ಪೈಕಿ” ಎಂದು ಹೇಳಿ ಹೊರಟಿದ್ದೆ. ಆಕೆಯೇ ಗೌರಮ್ಮ ಎಂದು ಆಗ ಗೊತ್ತಿರಲಿಲ್ಲ.

ಆ ಉತ್ತರ ನನಗೆ ಬಾಯಿಪಾಠವಾಗಿತ್ತು. ಅಪ್ಪ ರೈಲು ಹಳಿಯ ಮೇಲೆ ಗ್ಯಾಂಗಿನ ಕೆಲಸ ಮಾಡುತ್ತಿದ್ದರು. ಮನೆಯಲ್ಲಿ ಬುದ್ಧನ ಪಟ, ಅಂಬೇಡ್ಕರರ ಪಟ. ಹಳ್ಳಿಗೆ ಹೋದಾಗ ಇನ್ನೊಬ್ಬರ ಅಡುಗೆಮನೆಯ ಕಡೆ ಕಣ್ಣು ಹಾಕಬೇಡ ಎಂದು ಅವ್ವ ಹೇಳಿಕೊಟ್ಟಿದ್ದಳು. ನಮ್ಮ ಮೇಲೆ ಹೇರಿದ ಅವಮಾನ ಅದು. ಬಾಯಿಂದ ಬಾಯಿಗೆ ಬರುವಾಗ ಅವ್ವನಲ್ಲಿ ಅದು ಎಚ್ಚರಿಕೆಯಾಗಿತ್ತು. ನನ್ನಲ್ಲಿ ಶಿಸ್ತಾಯಿತು. ಹನ್ನೊಂದನೇ ವಯಸ್ಸಿಗೆ ಹಾಸ್ಟೆಲ್ ಸೇರಿದೆ. ಐದಕ್ಕೆ ಗಂಟೆ, ಆರಕ್ಕೆ ಸಾಲು, ಎಲ್ಲದಕ್ಕೂ ಒಂದು ಹೊತ್ತು. ನೌಕರಿಗೆ ಬಂದ ಮೇಲೆ ಹೊಸ್ತಿಲು ದಾಟದಿರುವುದು ನನ್ನ ಕ್ರಮಗಳಲ್ಲಿ ಒಂದಾಗಿ ಸೇರಿಹೋಯಿತು. ಮೇಡಂ ಅವರ ಮೂರನೇ ನಿಯಮವೂ ನನಗೆ ಅನುಕೂಲವೇ ಆಗಿತ್ತು. ಚಹಾ ಬೇಡ ಎಂದು ನಾನೇ ಮೊದಲು ಹೇಳಿಬಿಟ್ಟರೆ, ಯಾವ ಲೋಟದಲ್ಲಿ ಕೊಡುವುದು ಎಂದು ಅವರು ಯೋಚಿಸುವುದನ್ನು ನಾನು ನೋಡಬೇಕಾಗಿರಲಿಲ್ಲ. ನಿಯಮ ಇದ್ದದ್ದು ಕೆಲಸ ಮುಗಿಯುವವರೆಗೆ. ನಾನು ಕೆಲಸ ಮುಗಿದ ಮೇಲೂ ಪಾಲಿಸುತ್ತಿದ್ದೆ.

ಫೋಟೋ ಹೊಸ್ತಿಲಿನಿಂದ ತೆಗೆದದ್ದು ಎಂದು ಆಪ್‌ಗೆ ಗೊತ್ತಾಗುವುದಿಲ್ಲ.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ನನ್ನ ಕೋಣೆಯ ಬಾಗಿಲಿಗೆ ಒಬ್ಬ ಹೆಂಗಸು ಬಂದು ನಿಂತಳು. ನಲವತ್ತರ ಆಸುಪಾಸು, ಉಗುರಿನ ಸಂದಿಯಲ್ಲಿ ಕೆಮ್ಮಣ್ಣು.

“ನೀವಽ ಏನ್ರಿ ಹೊಗಿ ಸಾಹೇಬ್ರು?”

“ಹೌದು. ಒಳಗೆ ಬನ್ನಿ, ಕೂತ್ಕೊಳ್ಳಿ.”

ಕೂರಲಿಲ್ಲ. “ನಾ ಹುಲಿಗೆಮ್ಮ. ಹೊಳಿ ದಂಡಿ ಊರಾಗ ಒಲಿ ಕಟ್ಟಿದಾಕಿ. ನಾ ಕಟ್ಟಿದ ಒಲಿ ಯಾರೂ ಹಚ್ಚಂಗಿಲ್ಲಂತ ಬರದೀರಂತಲ್ಲ?”

“ನೋಡಿದ್ದನ್ನು ಬರೆದಿದ್ದೇನೆ, ತಾಯಿ.”

“ಏನು ನೋಡೀರಿ? ಮುಂದಿನ ತಿಂಗಳಿಂದ ನಮ್ಮೂರು ಪಟ್ಟಿಯಿಂದ ತಗೀತಾರಂತ. ಕೊಳವಿ ಒಡದ್ರ ಬದಲಿ ಕೊಡಂಗಿಲ್ಲಂತ, ರಿಪೇರಿ ಕೆಲ್ಸಾನೂ ಬಂದ್ ಅಂತ. ಅದು ಒಂದ್ ಕಡಿ ಇರ್ಲಿ. ದಿನಾ ಕೂಳು ಬೇಯಿಸೋ ಒಲಿ ಸುಳ್ಳು ಒಲಿ ಅಂತ ಬೆಂಗಳೂರಿಗೆ ಬರದು ಕಳಿಸಿದ್ರ, ಊರಾಗ ನಾ ಹೆಂಗ ತಲಿ ಎತ್ತಿ ತಿರುಗಾಡ್ಲಿ? ನಗ್ತಾರ ನನ್ನ ನೋಡಿ.”

“ಯಾರು ನಗುತ್ತಾರೆ?”

“ಮದ್ಲು ನಮ್ಮತ್ತಿ.”

ನಾನು ಕಡತ ತೆಗೆದು ಫೋಟೋ ತೋರಿಸಿದೆ. ಮಸಿ ಇರಲಿಲ್ಲ ಎಂದೆ. ಆಕೆ ಫೋಟೋ ನೋಡಲಿಲ್ಲ, ನನ್ನನ್ನೇ ನೋಡಿದಳು.

“ಮಸಿ ಯಾಕಿರತೈತ್ರಿ? ಉಂಡ ತಾಟು ತೊಳಿಯಂಗಿಲ್ಲೇನು ನೀವು? ಐದಕ್ಕ ಎದ್ದು ರೊಟ್ಟಿ ಬಡದು, ಪಲ್ಯ ಮಾಡಿ, ಬುತ್ತಿ ಕಟ್ತೀವಿ. ಬೂದಿ ತಗದು, ಕೆಮ್ಮಣ್ಣಿಲೆ ಸಾರಿಸಿ, ಎಳಿ ಹಾಕಿ ಹೊಲಕ್ಕ ಹೋಗ್ತೀವಿ. ಹತ್ತಕ್ಕ ಬಂದು ನೋಡಿದ್ರ ಲಕ್ಷಣಾಗೇ ಇರತೈತಿ.”

“ಹಿತ್ತಲಿನ ಒಲೆ ಕಪ್ಪಗಿತ್ತಲ್ಲ?”

“ಅದು ನೀರೊಲಿ! ಮೈ ತೊಳಿಯಾಕ ನೀರು ಕಾಸೋದು. ಅದನ್ನ ಯಾರು ಸಾರಸ್ತಾರ್ರಿ?” ಆಮೇಲೆ ದನಿ ತಗ್ಗಿಸಿ, “ಕೈ ಇಟ್ಟಾದ್ರೂ ನೋಡಬೇಕಿಲ್ಲ? ಮಣ್ಣಿನ ಒಲಿ ಮಧ್ಯಾಹ್ನದ ತನಕ ಬೆಚ್ಚಗ ಇರತೈತಿ” ಎಂದಳು.

“ಒಳಗೆ ಹೋಗಿರಲಿಲ್ಲ” ಎಂದೆ.

“ಯಾಕ್ರೀ?”

ನಾನು ಕಡತದ ದಾರ ಕಟ್ಟತೊಡಗಿದೆ. ಆಕೆ ಗೋಡೆಯ ಮೇಲಿನ ಪಟ ನೋಡಿದಳು. ನನ್ನನ್ನು ನೋಡಿದಳು. ಮತ್ತೆ ಕೇಳಲಿಲ್ಲ. “ಆರಕ್ಕ ಬರ್ರಿ” ಎಂದಳು. “ಮುಂಜಾನಿ.”

ಆ ಸಂಜೆ ಅಕ್ಕನಿಗೆ ಫೋನ್ ಮಾಡಿ, ಅವ್ವ ಒಲೆ ಯಾವಾಗ ಸಾರಿಸುತ್ತಿದ್ದಳು ಎಂದು ಕೇಳಿದೆ. “ದಿನಾ ಮುಂಜಾನಿ, ನೀ ಸಾಲಿಗೆ ಹೋಗೋದ್ರಾಗ” ಎಂದಳು. ನನಗೆ ನೆನಪೇ ಇಲ್ಲ ಎಂದೆ. “ನಿನಗ ತಾಟಷ್ಟಽ ಕಾಣ್ತಿತ್ತು. ಒಲಿ ಎಲ್ಲಿ ಕಾಣಬೇಕು?”

ವತ್ಸಲಾ ಮೇಡಂಗೆ ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಫೋನ್ ಮಾಡಿದೆ. ನಿವೃತ್ತಿ ಹತ್ತಿರ ಬಂದಿತ್ತು. ನನ್ನ ಕಡತದಲ್ಲಿ ಅದುವರೆಗೆ ಒಂದು ತಪ್ಪೂ ದಾಖಲಾಗಿರಲಿಲ್ಲ. ಸುಮ್ಮನಿದ್ದರೆ ಹಾಗೇ ಉಳಿಯುತ್ತಿತ್ತು.

ನಡೆದದ್ದನ್ನೆಲ್ಲ ಹೇಳಿದೆ. ಮೇಡಂ ಕೇಳಿದ್ದು: “ತಪ್ಪಾಗಿದೆ ಅಂತ ನೀವು ಹೇಳುತ್ತಿದ್ದೀರೋ, ಆಕೆ ಹೇಳುತ್ತಿದ್ದಾಳೋ?”

“ಆಕೆ ಹೇಳುತ್ತಿದ್ದಾಳೆ. ನಾನು ನೋಡಬೇಕು.”

“ಹೋಗಿ ನೋಡಿ. ಪಟ್ಟಿ ಅಂತಿಮವಾಗಲು ಇನ್ನೂ ಎಂಟು ದಿನ ಇದೆ. ಆದರೆ ಮೊದಲ ವರದಿ ಹರಿಯುವ ಹಾಗಿಲ್ಲ, ಗೊತ್ತಲ್ಲ? ಎರಡೂ ಕಡತದಲ್ಲಿ ಇರುತ್ತವೆ. ನಿಮ್ಮ ಹೆಸರಿನಲ್ಲೇ.”

“ಗೊತ್ತು ಮೇಡಂ. ನಿಮ್ಮ ಎರಡನೇ ನಿಯಮ.”

ಹಾಗೆ ಸೋಮವಾರವೇ ಹಡಗಲಿಗೆ ಹೋಗಿ ಲಾಡ್ಜಿನಲ್ಲಿ ಉಳಿದೆ. ಮಂಗಳವಾರ ನಸುಕಿನಲ್ಲಿ ಮಲ್ಲಿಗೆ ಮೊಗ್ಗು ತರಲು ತೋಟಗಳಿಗೆ ಹೊರಟ ಆಟೋದಲ್ಲಿ ಖಾಲಿ ಬುಟ್ಟಿಗಳ ನಡುವೆ ಕೂತು ಊರು ಮುಟ್ಟಿದೆ. ಆರು ಗಂಟೆ ಹತ್ತು ನಿಮಿಷ. ಇಲ್ಲಿಂದ ಮೊದಲಿನ ಪುಟಕ್ಕೆ ಬಂದೆವು.

ಊರಿನ ಮೇಲೆ ಮೂವತ್ತು ಕಡೆ ತೆಳ್ಳನೆಯ ಹೊಗೆ ನೆಟ್ಟಗೆ ಏಳುತ್ತಿತ್ತು. ಎಲ್ಲ ಕಡೆ ರೊಟ್ಟಿ ಬಡಿಯುವ ಸದ್ದು. ಇಷ್ಟು ವರ್ಷ ಹೊಗೆಯ ಕೆಲಸ ಮಾಡಿ ಈ ಹೊತ್ತಿನಲ್ಲಿ ಒಂದು ಊರನ್ನು ನಾನು ನೋಡಿರಲಿಲ್ಲ.

ಮೊದಲ ಮನೆ. ಹುಲಿಗೆಮ್ಮ ಒಳಗೆ ಹೋದಳು. ನಾನು ಹೊಸ್ತಿಲಿನಲ್ಲಿ ನಿಂತೆ, ಕಾಲು ತಾನೇ ನಿಂತಿತು. ಹಿಂದಿನಿಂದ ಮೀನಖಂಡಕ್ಕೆ ಕೋಲಿನ ತುದಿ ತಾಗಿತು.

“ನಡಿಯಪಾ ಕ್ವಾರ್ಟರ್ಸ್ ಪೈಕಿ,” ಎಂದಳು ಗೌರಮ್ಮ. “ಇಲ್ಲಿ ನಿಂತ್ರ ಕಣ್ಣಿಗೆ ಬಿಸಿ ಹತ್ತತೈತೇನು?”

ಚಪ್ಪಲಿ ಬಿಟ್ಟು ಒಳಗೆ ಹೋದೆ. ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಕೈ ಇಟ್ಟೆ, ತಟ್ಟನೆ ತೆಗೆದೆ. ರೊಟ್ಟಿ ಬೇಯಿಸುತ್ತಿದ್ದ ಹೆಣ್ಣುಮಗಳು ಸೆರಗು ಬಾಯಿಗಿಟ್ಟು ನಕ್ಕಳು. ‘ಬಳಕೆಯಲ್ಲಿ ಇದೆ’ ಎಂದು ಬರೆದೆ. ಎರಡನೇ ಮನೆ, ಮೂರನೇ ಮನೆ. ಎಲ್ಲ ಕಡೆ ಬೆಂಕಿ. ಒಂಬತ್ತನೇ ಮನೆಯಲ್ಲಿ ಮಾತ್ರ ಒಲೆಯ ಬಾಯಲ್ಲಿ ಹುಲ್ಲು, ಹುಲ್ಲಿನ ಮೇಲೆ ಕೋಳಿ. ಅದು ನಮ್ಮನ್ನು ನೋಡಿ ಕದಲಲೂ ಇಲ್ಲ.

“ಇದನ್ನ ಹಚ್ಚಂಗಿಲ್ಲಂತ ಬರೀರಿ,” ಎಂದಳು ಹುಲಿಗೆಮ್ಮ. “ಇದು ಖರೇ. ಸುಳ್ಳು ಬ್ಯಾಡ.”

ಬರೆದೆ. ಅಂಥ ಮನೆ ಇನ್ನೂ ಎರಡು ಸಿಕ್ಕವು. ಒಂದರಲ್ಲಿ ಒಲೆಯ ಮೇಲೆ ಗ್ಯಾಸಿನ ಒಲೆ ಇಟ್ಟಿದ್ದರು, ಇನ್ನೊಂದರಲ್ಲಿ ಉಳ್ಳಾಗಡ್ಡಿ ತುಂಬಿದ್ದರು.

ಊರಿಗೆಲ್ಲ ನಾನು ಯಾರೆಂದು ಗೊತ್ತಾಗಿತ್ತು. ಸಣ್ಣ ಊರು, ಗೊತ್ತಾಗದೆ ಇರುವುದಿಲ್ಲ. ಎರಡು ಮನೆಗಳಲ್ಲಿ ನಾವು ಬರುವುದು ಕಂಡು ಬಾಗಿಲು ಅರ್ಧ ಸರಿಯಿತು. ಒಂದು ಕೈ ಕೆಂಡದ ಸೌಟು ಹೊರಗೆ ಚಾಚಿ, “ನೋಡ್ರಿ, ಉರೀತೈತಿ” ಎಂದಿತು. ‘ಒಲೆ ನೋಡಿಲ್ಲ’ ಎಂದು ಬರೆದೆ. ಕಾರಣ ಎಂಬ ಅಂಕಣ ಇತ್ತು. ಖಾಲಿ ಬಿಟ್ಟೆ. ಹುಲಿಗೆಮ್ಮ ನೆಲ ನೋಡುತ್ತಾ ನಿಂತಿದ್ದಳು. ಗೌರಮ್ಮ ಎರಡು ಬಾಗಿಲಿಗೂ ಕೋಲಿನಿಂದ ಒಂದೊಂದು ಬಿಗಿದು ಮುಂದೆ ನಡೆದಳು.

ಹೊತ್ತೇರುತ್ತಾ ಒಲೆಗಳು ಆರುತ್ತಾ ಬಂದವು. ನಾನು ಬರೆಯುತ್ತಿರುವಾಗಲೇ ಹೆಂಗಸರು ಬೂದಿ ಎಳೆದು, ಕೆಮ್ಮಣ್ಣಿನ ಬಟ್ಟೆ ಆಡಿಸಿ, ಎಳೆ ಬಿಟ್ಟು, ಬುತ್ತಿ ತಲೆಯ ಮೇಲಿಟ್ಟು ಹೊರಟರು. ನನ್ನ ಕಣ್ಣೆದುರಿಗೇ ಉರಿದ ಒಲೆ ಹೊಸ ಒಲೆಯಾಯಿತು. ಅವ್ವನ ಕೈ ನೆನಪಾಯಿತು, ಒಲೆಯ ನೆನಪು ಇಲ್ಲದಿದ್ದರೂ. ಅವಳ ಉಗುರಿನ ಸಂದಿಯಲ್ಲೂ ಇದೇ ಕೆಂಪು ಇರುತ್ತಿತ್ತು. ಅಡುಗೆಯ ಬಣ್ಣ ಎಂದುಕೊಂಡಿದ್ದೆ.

ಆ ವರದಿಯಿಂದ ಊರು ಪಟ್ಟಿಯಲ್ಲಿ ಉಳಿಯಿತು. ಮೂರು ಒಲೆ ಬಿಟ್ಟುಹೋದವು, ಬಾಗಿಲು ಮುಚ್ಚಿದ ಎರಡು ‘ನೋಡಿಲ್ಲ’ ಎಂದೇ ಉಳಿದವು. ಹೊತ್ತೇರುವ ಮೊದಲು ಹೋಗಬೇಕು, ಒಲೆಗೆ ಕೈ ಇಟ್ಟು ನೋಡಬೇಕು ಎಂದು ಕೈಪಿಡಿಗೆ ಎರಡು ಸಾಲು ಸೇರಿದವು. ಅದೆಲ್ಲ ಆಮೇಲಿನ ಮಾತು.

ಕೊನೆಯದು ಮೂವತ್ತೆರಡನೇ ಮನೆ, ಹುಲಿಗೆಮ್ಮನದೇ. ಆಗಷ್ಟೇ ಮುಂದೆ ಓಡಿಹೋಗಿ ತನ್ನ ಒಲೆ ಸಾರಿಸಿ ಬಂದಿದ್ದಳು. ಗಡಿಯಾರ ನೋಡಿದೆ: ಹತ್ತು ಗಂಟೆ ಮೂವತ್ತೈದು. ಮೊದಲ ಸಲ ಬಂದ ಹೊತ್ತು. ಹೊಸ್ತಿಲಿನಿಂದ ಕಂಡದ್ದು ಅದೇ ನೋಟ: ಕೆಂಪಗೆ ನುಣ್ಣಗೆ ಒಲೆ, ಒಂದು ಚೂರು ಮಸಿ ಇಲ್ಲ, ಅಂಚಿಗೆ ಬಿಳಿ ಎಳೆ. ಒಳಗೆ ಹೋಗಿ ಅಂಗೈ ಇಟ್ಟೆ. ಮಲಗಿ ಎದ್ದ ದನದ ಮೈಯಂತೆ ಬೆಚ್ಚಗಿತ್ತು. ಕೈ ತೆಗೆದಾಗ ಸಾರಿಸಿದ್ದರ ಮೇಲೆ ಐದು ಬೆರಳು ಮೂಡಿದ್ದವು.

“ಏ, ಹಸಿ ಐತಿ!” ಎಂದು ಹುಲಿಗೆಮ್ಮ ಬಟ್ಟೆ ಹಿಡಿದು ಬಂದಳು.

“ಇರ್ಲಿ ಬಿಡ,” ಎಂದಳು ಗೌರಮ್ಮ. “ಸಾಕ್ಷಿ ಆತು.”

ಹಳೆಯ ಹಾಳೆ ತೆಗೆದೆ. ಇಪ್ಪತ್ತೊಂಬತ್ತು ಮನೆಗಳಲ್ಲಿ, ನೋಡಿ ಖಾತ್ರಿ ಮಾಡಿಕೊಂಡ ಇಪ್ಪತ್ನಾಲ್ಕರ ಮೇಲೆ ಒಂದೊಂದೇ ಗೆರೆ ಎಳೆದೆ, ಒಂದೊಂದರ ಪಕ್ಕವೂ ಸಹಿ ಮಾಡಿದೆ. ಕೆಳಗೆ ಷರಾ: ‘ಹಿಂದಿನ ವರದಿ ತಪ್ಪು. ಕಾರಣ: ಒಲೆ ಸಾರಿಸಿದ ಮೇಲೆ, ಹೊಸ್ತಿಲಿನಲ್ಲಿ ನಿಂತು ಬರೆದದ್ದು. ಪರಿಶೀಲಕ ಒಳಗೆ ಹೋಗಿರಲಿಲ್ಲ.’ ಕಾಗದದ ಅಂಚಿಗೆ ಕೆಮ್ಮಣ್ಣು ಹತ್ತಿತು. ಕಲೆಯಾದ ಹಾಳೆಯನ್ನು ನಾನು ಯಾವತ್ತೂ ಕಳಿಸಿದವನಲ್ಲ. ಅದನ್ನು ಹಾಗೇ ಕಳಿಸಿದೆ.

“ಮುಗೀತೇನು ಬರಿಯೋದು?” ಎಂದಳು ಗೌರಮ್ಮ. ಆಕೆಯ ಪಕ್ಕದಲ್ಲಿ ಬಟ್ಟೆ ಮುಚ್ಚಿದ ರೊಟ್ಟಿ ಬುಟ್ಟಿ ಇತ್ತು. ಎದುರಿಗೆ ಒಂದು ಮಣೆ, ಒಂದು ತಾಟು. ಅವರು ಉಣ್ಣುವ ಸ್ಟೀಲಿನ ತಾಟೇ.

ಹೊತ್ತು ಬರೆದೆ: ಹನ್ನೊಂದು ಗಂಟೆ ಐದು ನಿಮಿಷ. ಪೆನ್ನಿನ ಮುಚ್ಚಳ ಹಾಕಿದೆ. ಕಡತದ ದಾರ ಕಟ್ಟಿ ಗೋಡೆಗೆ ಒರಗಿಸಿಟ್ಟೆ.

“ಮುಗೀತಬೇ,” ಎಂದು ಹೇಳಿ ಮಣೆಯ ಮೇಲೆ ಕೂತೆ.